ಕೌದಿಯೊಳಗಿನ ಊರು
ಉಪ್ಪಿನಬೆಟಗೇರಿಗೆ ಒಂದು ದಿನದ ಪ್ರವಾಸ

ಪ್ರವಾಸವೆಂದ ಕೂಡಲೆ ಕಾಶಿ ರಾಮೇಶ್ವರಗಳನ್ನಾಗಲಿ, ಹಂಪೆ ಬಾದಾಮಿಗಳನ್ನಾಗಲಿ ನೆನೆಯುವದು ನಮ್ಮ ಜನರ ರೂಢಿ. ಬುತ್ತಿ ಕಟ್ಟಿಕೊಂಡು, ರೇಲ್ವೆಯ ಚೀಟಿ ತೆಗಿಸಿ, ನಾಲ್ಕು ದಿನವಾದರೂ ಮನೆ ಬಿಟ್ಟು ಇರದಿದ್ದರೆ ಅದು ಪ್ರವಾಸವೇ ಅಲ್ಲವೆಂದು ಬಹು ಜನರು ತಿಳಿಯುತ್ತಾರೆ. ಆದರೆ ಮನುಷ್ಯನು ತಾನು ಬಿಟ್ಟುಬಂದ ಊರಿಗೆ ಮರಳಿ ಹೋಗುವದೂ ಒಂದು ಪ್ರವಾಸವೇ. ದೂರವು ಕಡಿಮೆ ಇದ್ದರೂ ಆ ಹಾದಿ ಸವೆಯುವದು ಸುಲಭವಲ್ಲ. ಹೋದ ವರ್ಷ ಭಾದ್ರಪದ ಮಾಸದಲ್ಲಿ ನಾನು ಅಂಥದೊಂದು ಪ್ರವಾಸವನ್ನು ಮಾಡಿಬಂದೆನು. ಅಲ್ಲಿ ಕಂಡದ್ದನ್ನು ವಾಚಕರ ಮುಂದೆ, ವಿಶೇಷವಾಗಿ ಮನೆಯ ಹಿರಿಯ ಹೆಣ್ಣುಮಕ್ಕಳ ಮುಂದೆ, ಇಡಬೇಕೆಂದು ಈ ನಾಲ್ಕು ಮಾತು.

ಧಾರವಾಡದ ಉತ್ತರಕ್ಕೆ, ಮೋಟಾರಿನಲ್ಲಿ ಒಂದು ತಾಸಿನೊಳಗೆ ಮುಟ್ಟಬಹುದಾದ ದೊಡ್ಡ ಹಳ್ಳಿ ಉಪ್ಪಿನಬೆಟಗೇರಿ. ನಮ್ಮ ಸೀಮೆಯಲ್ಲಿ ಬೆಟಗೇರಿ ಎಂಬ ಹೆಸರಿನ ಊರುಗಳು ಹಲವು. ಗದಗದ ಜೊತೆಗೂಡಿದ ಬೆಟಗೇರಿಯು ನೇಕಾರರ ಊರು. ಗೋಕಾಕ ತಾಲೂಕಿನ ಬೆಟಗೇರಿಯು ‘ಆನಂದಕಂದ’ರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರ ಜನ್ಮಸ್ಥಳ. ನಮ್ಮದು ಉಪ್ಪಿನಬೆಟಗೇರಿ. ಹೆಸರಿನಲ್ಲಿಯ ಉಪ್ಪನ್ನು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವದು ಹಿಂದಿನ ಕಾಲದ ಹೇರಿನ ಎತ್ತುಗಳ ಸಾಲು. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನ ಆಗರಗಳಿಂದ ಘಟ್ಟವೇರಿ ಬಂದ ಉಪ್ಪು ಬಯಲುಸೀಮೆಯ ಜೋಳದ ರೊಟ್ಟಿಗೆ ರುಚಿ ಕೊಟ್ಟಿತು. ಬಯಲುಸೀಮೆಯ ಧಾನ್ಯವು ಅದೇ ಎತ್ತುಗಳ ಬೆನ್ನಮೇಲೆ ಕೆಳಗಿಳಿಯಿತು. ಹೋಗುವದು ಬರುವದು ನಮ್ಮ ಕಾಲದ ಹೊಸ ಸಂಗತಿಯೇನೂ ಅಲ್ಲ. ನಮ್ಮ ಊಟದ ಎಲೆಯ ಮೊದಲ ಪದಾರ್ಥವೇ ಪ್ರವಾಸ ಮಾಡಿ ಬಂದದ್ದು.

ಈ ಊರಲ್ಲಿ ನಾನು ಹತ್ತು ವರ್ಷದವನಾಗುವ ತನಕ ಬೆಳೆದೆನು. ತಂದೆಯವರಿಗೆ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಕೆಲಸ ದೊರೆಯಲು ನಾವು ಊರು ಬಿಟ್ಟೆವು. ದೊಡ್ಡಪ್ಪ ದೊಡ್ಡವ್ವರು ಹೊಲಮನೆ ನೋಡಿಕೊಂಡು ಅಲ್ಲಿಯೇ ಉಳಿದರು. ದೊಡ್ಡಪ್ಪನು ತೀರಿಹೋಗಿ ಬಹಳ ವರ್ಷಗಳಾದವು. ದೊಡ್ಡವ್ವ ಇದ್ದಾಳೆ. ಧಾರವಾಡದಲ್ಲಿ ಮನೆ ಮಾಡಿಕೊಂಡಿರುವ ನಾನು ಅವಳನ್ನು ನೋಡದೆ ಆರು ವರ್ಷಗಳಾಗಿದ್ದವೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಒಂದು ತಾಸಿನ ಹಾದಿಗೆ ಆರು ವರ್ಷ!

ನನ್ನನ್ನು ಹೊರಡಿಸಿದವರು ಬೇರೆ ಇಬ್ಬರು. ಒಬ್ಬರು ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನ್ನ ಗೆಳೆಯರು. ಇನ್ನೊಬ್ಬಳು ಮಾನವಶಾಸ್ತ್ರವನ್ನು ಅಭ್ಯಾಸ ಮಾಡುತ್ತಿರುವ, ಅವರ ಅಣ್ಣನ ಮಗಳು. ಹಳ್ಳಿ ಬಿಟ್ಟು ಪಟ್ಟಣ ಸೇರುವ ಜನರ ವಿಷಯವಾಗಿ ಅವಳು ಒಂದು ಪ್ರಬಂಧವನ್ನು ಬರೆಯುತ್ತಿದ್ದಳು. ಪ್ರಶ್ನಾವಳಿಯ ಹಾಳೆಗಳನ್ನು ಹಿಡಿದು ಮನೆಮನೆಗೆ ಹೋದಾಗ ಜನರು ಊರ ಹೆಸರು, ಸಂಬಳ, ವರ್ಷ ಇವನ್ನು ಹೇಳುತ್ತಾರೆಯೇ ಹೊರತು ಮನಸ್ಸಿನದನ್ನು ಹೇಳುವದಿಲ್ಲವೆಂದು ಅವಳ ದೂರು. “ಮಾತಿನಿಂದ ಕೇಳಿದರೆ ಬಾರದ್ದು ವಸ್ತುವಿನಿಂದ ಕೇಳಿದರೆ ಬಂದೀತು” ಎಂದು ಚಿತ್ರಗಾರರು ಹೇಳಿದರು. ಯಾವ ವಸ್ತು ಎಂಬ ಪ್ರಶ್ನೆ ಬಂದಾಗ ನನಗೆ ದೊಡ್ಡವ್ವನ ಕೌದಿಗಳು ನೆನಪಾದವು. ಮಹಾನವಮಿಯ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ತೊಳೆದು ಮಡಿಮಾಡುವದು ನಮ್ಮ ಕಡೆಯ ಪದ್ಧತಿಯಷ್ಟೆ. ಕೌದಿಗಳನ್ನು ನೋಡಬೇಕಾದರೆ ಅದೇ ತಕ್ಕ ಕಾಲ.

ಮುಂಜಾನೆಯ ಬಸ್ಸಿನಲ್ಲಿ ಹೊರಟೆವು. ಪಟ್ಟಣದ ಕೊನೆಯ ಮನೆಗಳು ಹಿಂದೆ ಬಿದ್ದ ಮೇಲೆ ಎರೆಯ ಹೊಲಗಳು ಬಿಚ್ಚಿಕೊಂಡವು. ಹೆಸರು ಕಿತ್ತು ಮುಗಿದಿತ್ತು. ಹತ್ತಿಯು ಹೂವಿಗೆ ಬಂದಿತ್ತು. ಹಿಂಗಾರಿ ಜೋಳದ ಬಿತ್ತಿಗೆಗಾಗಿ ಕೆಲವು ಹೊಲಗಳು ಹದಗೊಳ್ಳುತ್ತಿದ್ದವು. ಮಳೆಯಲ್ಲಿ ತೊಯ್ದ ಎರೆಮಣ್ಣಿಗೆ ಒಂದು ಗುಣವುಂಟು. ನಡೆಯುವವನ ಕಾಲನ್ನು ಅದು ಬಿಡುವದಿಲ್ಲ, ಹೆಜ್ಜೆಹೆಜ್ಜೆಗೆ ಅಂಟಿಕೊಂಡು ಬರುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಬಿರಿದು ಕೈ ಹಿಡಿಸುವಷ್ಟು ಸೀಳು ಬಿಡುತ್ತದೆ. ಮಳೆ ಬಂದರೆ ಹಿಡಿದು ನಿಲ್ಲಿಸುವ, ಬಾರದಿದ್ದರೆ ಬಿಟ್ಟುಕೊಡುವ ಈ ನೆಲದ ಮಕ್ಕಳು ಬರಗಾಲದಲ್ಲಿ ಊರು ಬಿಟ್ಟುಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಊರ ಹೊರಗೆ ನೀರಿನ ದಂಡೆಗೆ ಬರುತ್ತಲೇ ಚಿತ್ರಗಾರರು ತಡೆದು ನಿಂತರು. ಕಂಟಿಗಳ ಮೇಲೆ, ಕಲ್ಲುಗಳ ಮೇಲೆ, ಒಕ್ಕುವ ಕಣದ ಅಂಚಿನಲ್ಲಿ ತೊಳೆದ ಕೌದಿಗಳನ್ನು ಹರವಿದ್ದರು. ಕೆಂಪು, ಹಸಿರು, ಕಾಗೆಗಪ್ಪು, ಅರಿಸಿನ, ಚೌಕಡಿ, ಪಟ್ಟಿ, ಹೂವಿನ ಚೀಟು ಎಲ್ಲವೂ ಅಲ್ಲಿದ್ದವು. ಬಣ್ಣದ ಗೆರೆಗಳು ನೇರವಾಗಿಲ್ಲದಿದ್ದರೂ ಒಂದರ ಸಂಗಡ ಒಂದು ಹೊಂದಿಕೊಂಡಿದ್ದವು. ದೊಡ್ಡ ಪಟ್ಟಣಗಳ ಚಿತ್ರಶಾಲೆಗಳಲ್ಲಿ ಹಣ ಕೊಟ್ಟು ನೋಡಬೇಕಾದಂಥದು ಇಲ್ಲಿ ಬಿಸಿಲಿಗೆ ಒಣಗುತ್ತಿತ್ತು, ಪಕ್ಕದಲ್ಲಿ ಆಡೊಂದು ಮೇಯುತ್ತಿತ್ತು.

ದೊಡ್ಡವ್ವನು ಕಟ್ಟೆಯ ಮೇಲೆ ಕುಳಿತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಬಂದ್ಯಾ ತಮ್ಮಾ? ಹಾದಿ ಮರತಿಲ್ಲಲ್ಲಾ, ಅಷ್ಟಾದ್ರ ಸಾಕು” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬಂದ ಕಾರಣವನ್ನು ಹೇಳಿದಾಗ ಅವಳಿಗೆ ನಗೆ ಬಂದಿತು. “ಹರಕ ಕೌದಿ ನೋಡಾಕ ಧಾರವಾಡದಿಂದ ಬಂದಾರೇನು? ಕಪಾಟಿನ್ಯಾಗ ಹೊಸಾ ಚಾದರ ಅದಾವ, ಅವನ್ನ ತಗೀಲೇನವಾ?” ಎಂದು ಹುಡುಗಿಯನ್ನು ಕೇಳಿದಳು. ಬೇಡವೆಂದ ಮೇಲೆ ಒಣಗಿದ ಒಂದು ದೊಡ್ಡ ಕೌದಿಯನ್ನು ತರಿಸಿ ಪಡಸಾಲೆಯಲ್ಲಿ ಹಾಸಿಸಿದಳು.

ಪಟ್ಟಣದಲ್ಲಿ ಬೆಳೆದ ವಾಚಕರಿಗಾಗಿ ಕೌದಿಯ ವಿಷಯವನ್ನು ಸ್ವಲ್ಪ ಹೇಳುವದು ಅವಶ್ಯ. ಹಳೆಯ ಸೀರೆ ಧೋತರಗಳನ್ನು ಪದರುಪದರಾಗಿ ನೆಲದ ಮೇಲೆ ಬಿಗಿಯಾಗಿ ಹರವಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಇಟ್ಟು, ದಪ್ಪ ಸೂಜಿಯಿಂದ ಸಾಲಾಗಿ ಓಟದ ಹೊಲಿಗೆ ಹಾಕುತ್ತ ಹೋದರೆ ಕೌದಿ. ಅಂಚಿನಿಂದ ತೊಡಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವವರುಂಟು. ನಮ್ಮ ಮನೆಯಲ್ಲಿ ಕೊನೆಯ ತುಂಡನ್ನು ಹೊಲಿಯುವ ಮೊದಲು ಅದರ ಕೆಳಗೆ ಐದು ಜೋಳದ ಕಾಳು ಇಡುತ್ತಿದ್ದರು. ಹೊದ್ದವರ ಹೊಟ್ಟೆ ತಣ್ಣಗಿರಲಿ ಎಂದು ಅದರ ಅರ್ಥ. ಮನೆಯಲ್ಲಿ ಹೊಲಿಯಲು ಪುರಸತ್ತಿಲ್ಲದವರಿಗೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರೂ ಉಂಟು. ಅವರು ಪಟ್ಟಣದ ಓಣಿಗಳಿಗೂ ಬರುತ್ತಾರೆ. ಗಿಡದ ನೆರಳಿನಲ್ಲಿ ಕುಳಿತು ಕಂಡವರ ಮನೆಯ ಹಳೆಯ ಬಟ್ಟೆಗಳನ್ನು ಒಂದುಗೂಡಿಸಿ, ಕೂಲಿ ಪಡೆದು ಮುಂದಿನ ಓಣಿಗೆ ನಡೆಯುತ್ತಾರೆ.

ಚಿತ್ರಗಾರರು ದೊಡ್ಡ ಹಾಳೆಯ ಮೇಲೆ ಕೌದಿಯ ಆಕಾರವನ್ನು ತೆಗೆಯಲಾರಂಭಿಸಿದರು. ಒಂದೊಂದು ತುಂಡನ್ನು ಅವರು ಬರೆದಂತೆ ಹುಡುಗಿಯು ಅದರ ಮೇಲೆ ಬೆರಳಿಟ್ಟು “ಇದು ಯಾರ ಬಟ್ಟೀರೀ, ಅಮ್ಮಾ?” ಎಂದು ಕೇಳುತ್ತ ಬಂದಳು. ಬಟ್ಟೆ ಯಾರದು, ಎಲ್ಲಿಂದ ಬಂದದ್ದು, ತೊಟ್ಟವರು ಈಗ ಎಲ್ಲಿರುವರು ಎಂಬ ಮೂರೇ ಪ್ರಶ್ನೆಗಳು. ಮೊದಮೊದಲು ದೊಡ್ಡವ್ವನ ಉತ್ತರಗಳು ಚಿಕ್ಕವಿದ್ದವು. ನಾಲ್ಕನೆಯ ತುಂಡಿಗೆ ಬರುವಷ್ಟರಲ್ಲಿ ಅವಳೇ ಕೌದಿಯ ಅಂಚಿಗೆ ಜರುಗಿ ಕುಳಿತು, ಕೇಳುವ ಮೊದಲೇ ಹೇಳತೊಡಗಿದಳು.

ಮೂಲೆಯಲ್ಲಿಯ ಕೆಂಪು ತುಂಡು ಇಳಕಲ್ಲ ಸೀರೆಯ ತೋಪುತೆನೆಯ ಸೆರಗು. ಅವಳ ಮದುವೆಯ ಸೀರೆ ಅದು, ಸವದತ್ತಿಯ ಕಡೆಯ ತವರಿನಿಂದ ಬಂದದ್ದು. ಇಳಕಲ್ಲ ಸೀರೆಯ ಒಡಲನ್ನೂ ಸೆರಗನ್ನೂ ಬೇರೆಬೇರೆ ಎಳೆಗಳಿಂದ ಹೂಡಿ, ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸುತ್ತಾರೆಂಬದು ಬಹು ಜನರಿಗೆ ತಿಳಿದ ಸಂಗತಿಯೇ. ಒಡಲು ಒಂದು ಕಡೆಯದು, ಸೆರಗು ಇನ್ನೊಂದು ಕಡೆಯದು. ಕೂಡಿದ ಮೇಲೆ ಒಂದೇ ಸೀರೆ. ಅದರ ಪಕ್ಕದ ಕಪ್ಪು ತುಂಡಿನಲ್ಲಿ ಕಸೂತಿಯ ಅರ್ಧ ತೇರು ಉಳಿದಿತ್ತು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆಯಂಬಾರಿ, ತುಳಸಿಕಟ್ಟೆ, ತೊಟ್ಟಿಲುಗಳನ್ನು ನಮ್ಮ ಹೆಣ್ಣುಮಕ್ಕಳು ಎಳೆಯೆಣಿಸಿ ತೆಗೆಯುತ್ತಿದ್ದರು. ಹುಡುಗಿಯು ನೋಡುತ್ತ, “ತಾನು ಬಿಟ್ಟುಬಂದ ಊರಿನ ಗುಡಿ, ತೇರು, ಅಂಗಳಗಳನ್ನೇ ಹೆಣ್ಣು ಸೆರಗಿನಲ್ಲಿ ಹೊತ್ತುಕೊಂಡು ಬರುತ್ತಾಳಲ್ಲ!” ಎಂದಳು.

ಇಲ್ಲಿ ಒಂದು ಮಾತು. ವಲಸೆ ಎಂದ ಕೂಡಲೆ ನಾವು ಗಂಟು ಹೊತ್ತು ರೇಲ್ವೆ ಹತ್ತುವ ಗಂಡಸರನ್ನು ನೆನೆಯುತ್ತೇವೆ. ಆದರೆ ೨೦೧೧ರ ಜನಗಣತಿಯು ಬೇರೊಂದು ಸಂಗತಿಯನ್ನು ತೋರಿಸುತ್ತದೆ. ಇದ್ದ ಸ್ಥಳ ಬಿಟ್ಟು ಬೇರೆಡೆಗೆ ಬಂದು ನೆಲೆಸಿದವರು ನಮ್ಮ ದೇಶದಲ್ಲಿ ೪೫ ಕೋಟಿಗೂ ಮಿಕ್ಕಿದ್ದರು. ಹಾಗೆ ಬಂದುದಕ್ಕೆ ಎಲ್ಲಕ್ಕಿಂತ ಹೆಚ್ಚು ಜನರು ಹೇಳಿದ ಕಾರಣ ಮದುವೆ. ಅಂದರೆ ಈ ದೇಶದ ಅತಿ ದೊಡ್ಡ ವಲಸೆಯು ಕಾರ್ಖಾನೆಗಾಗಿ ನಡೆದದ್ದಲ್ಲ, ಅಕ್ಕಿ ತುಂಬಿದ ಸೇರನ್ನು ಒದೆದು ಹೊಸ ಮನೆಯ ಹೊಸ್ತಿಲು ದಾಟಿದ ಸೊಸೆಯಂದಿರದು. ನಮ್ಮ ಅಡಿಗೆಮನೆಗಳಲ್ಲಿ ಕುಳಿತ ಈ ಪ್ರವಾಸಿಗಳನ್ನು ನಾವು ಪ್ರವಾಸಿಗಳೆಂದು ಎಣಿಸಿಯೇ ಇಲ್ಲ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದಾಗ ಅದರಲ್ಲಿ ತವರಿನ ಹಾಡುಗಳು ಅಷ್ಟೊಂದು ಇದ್ದದ್ದು ಬರಿಯ ಕಾವ್ಯದ ಮಾತಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತವರು ತಮ್ಮ ವಲಸೆಯ ವರದಿಯನ್ನು ತಾವೇ ಬರೆದುಕೊಂಡಿದ್ದರು. ನಾಗಪಂಚಮಿಗೆ ಅಣ್ಣನು ಕರೆಯಲು ಬರುವದು, ತವರಿನ ಜೋಕಾಲಿ, ಮರಳಿ ಹೊರಡುವಾಗಿನ ಉಂಡಿಯ ಬುತ್ತಿ, ಇವೆಲ್ಲ ಬಂದ ಹಾದಿಯನ್ನು ವರ್ಷಕ್ಕೊಮ್ಮೆಯಾದರೂ ಹಿಂದಕ್ಕೆ ನಡೆಯುವ ಏರ್ಪಾಡು.

ಮಧ್ಯಾಹ್ನದ ಊಟಕ್ಕೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಕೆನೆಮೊಸರು. ಉಂಡು ಕುಳಿತಾಗ ಚಿತ್ರಗಾರರು ತಾವು ಹಳಿಯಾಳದ ಕಡೆಗೆ ಹೋಗಿ ಕಂಡುಬಂದ ಸಿದ್ದಿಯರ ಕೌದಿಗಳ ವಿಷಯವನ್ನು ಎತ್ತಿದರು. ಧಾರವಾಡದಿಂದ ಹಳಿಯಾಳವು ದೂರವೇನಲ್ಲ. ಅಲ್ಲಿಯ, ಯಲ್ಲಾಪುರದ ಅಡವಿಯ ಸಿದ್ದಿಯರ ಪೂರ್ವಿಕರು ಆಫ್ರಿಕಾ ಖಂಡದವರು. ಪೋರ್ತುಗೀಜರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಉತ್ತರ ಕನ್ನಡದ ಸಿದ್ದಿಯರನ್ನು ೨೦೦೩ರಲ್ಲಿ ಪರಿಶಿಷ್ಟ ಪಂಗಡಗಳಲ್ಲಿ ಸೇರಿಸಲಾಯಿತು. ಅವರ ಹೆಂಗಸರು ಹೊಲಿಯುವ ಕೌದಿಯು ನಮ್ಮದರಂತೆಯೇ ಹಳೆಯ ಬಟ್ಟೆಯದು. ಆದರೆ ನಾಲ್ಕು ಮೂಲೆಗಳಲ್ಲಿ ಮಡಿಸಿದ ಮುಕ್ಕೋಣದ ‘ಫೂಲ’ ಅಂದರೆ ಹೂವು ಇರಲೇಬೇಕು, ಇಲ್ಲದಿದ್ದರೆ ಕೌದಿ ಪೂರ್ಣವಾಗಲಿಲ್ಲವೆಂದು ಅವರ ಭಾವನೆ. ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರರಾದ ಹೆನ್ರಿ ಜಾನ್ ಡ್ರೂವಲ್ ಎಂಬವರು ಅವರ ನಡುವೆ ಇದ್ದು, ಈ ಕೌದಿಗಳನ್ನು ಅಭ್ಯಾಸ ಮಾಡಿದರು. ೨೦೦೪ರಲ್ಲಿ ಸಿದ್ದಿ ಹೆಂಗಸರ ಕೌದಿಯ ಸಹಕಾರಿ ಕೂಟವೊಂದು ಹುಟ್ಟಿತು. ಅವರ ಕೌದಿಗಳು ಅಮೇರಿಕೆಯಲ್ಲಿ ಪ್ರದರ್ಶನಗೊಂಡವು. ಸಮುದ್ರ ದಾಟಿ ಒತ್ತಾಯದಿಂದ ಬಂದ ಜನರ ಕೈಕೆಲಸವು ಗೌರವದಿಂದ ಮತ್ತೆ ಸಮುದ್ರ ದಾಟಿತು.

ಹುಡುಗಿಯು ತನ್ನ ಶಾಸ್ತ್ರದ ಕಡೆಯಿಂದ ಹೇಳಿದಳು. ಸವದತ್ತಿ ಸೀಮೆಯ ಗುರ್ಲಹೊಸೂರಿನವರಾಗಿ ಧಾರವಾಡದಲ್ಲಿ ನೆಲೆಸಿದ ಶಂ. ಬಾ. ಜೋಶಿಯವರು ಊರ ಹೆಸರುಗಳ ಜಾಡು ಹಿಡಿದು ಜನರ ಹಳೆಯ ನಡೆದಾಟಗಳನ್ನು ಹುಡುಕಿದರು. ಕೆ. ಈಶ್ವರನ್ನರು ಧಾರವಾಡದ ಬಳಿಯ ಒಂದು ಹಳ್ಳಿಯನ್ನು ‘ಶಿವಾಪುರ’ವೆಂಬ ಮರೆಹೆಸರಿನಿಂದ ವರ್ಣಿಸಿ ೧೯೬೮ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮೈಸೂರಿನ ಎಂ. ಎನ್. ಶ್ರೀನಿವಾಸರ ಕಥೆಯು ಎಲ್ಲಕ್ಕೂ ವಿಚಿತ್ರ. ೧೯೪೮ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಮಾಡಿಕೊಂಡ ಟಿಪ್ಪಣಿಗಳನ್ನು ಮುಂದೆ ವರ್ಷಗಟ್ಟಲೆ ತಿದ್ದಿ ಹೊಂದಿಸಿದ್ದರು. ೧೯೭೦ರಲ್ಲಿ ಅವರು ಅಮೇರಿಕೆಯ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಆ ಹೊಂದಿಸಿದ ಪ್ರತಿಗಳೆಲ್ಲ ಸುಟ್ಟುಹೋದವು. ಆಗ ಅವರು ನೆನಪನ್ನೇ ನೆಚ್ಚಿ ಬರೆದ ‘ನೆನಪಿನ ಹಳ್ಳಿ’ಯ ಮೂಲ ಇಂಗ್ಲಿಷ್ ಗ್ರಂಥವು ೧೯೭೬ರಲ್ಲಿ ಹೊರಬಂದಿತು. ಶಾಸ್ತ್ರಜ್ಞನ ಪುಸ್ತಕವಾದರೂ ಕಥೆಗಾರನ ಪುಸ್ತಕದಂತೆ ಜನರು ಅದನ್ನು ಓದಿದರು.

ದೊಡ್ಡವ್ವನು ಇದನ್ನೆಲ್ಲ ಕೇಳುತ್ತಿದ್ದು, “ಸುಟ್ಟ ಮ್ಯಾಲೂ ನೆನಪ ಉಳೀತಲ್ಲಾ, ಪುಣ್ಯಾತ್ಮ” ಎಂದಳು. ಮಧ್ಯಾಹ್ನದ ಚರ್ಚೆಯು ಅಲ್ಲಿಗೆ ಮುಗಿದು ಮತ್ತೆ ಕೌದಿಯ ಮುಂದೆ ಕುಳಿತೆವು.

ಗಂಡಸರ ಬಟ್ಟೆಗಳ ಸರದಿ ಬಂದಿತು. ಒಂದು ಖಾಕಿಯ ತುಂಡು ನನ್ನ ತಂದೆಯದು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಲ್ಲಿ ಹೂಡಿದ ಕಾರ್ಖಾನೆಯು ಸುತ್ತಲಿನ ಹಳ್ಳಿಗಳ ಎಷ್ಟು ಜನ ಒಕ್ಕಲಿಗರ ಮಕ್ಕಳಿಗೆ ಸುತ್ತಿಗೆ ಹಿಡಿಯಲು ಕಲಿಸಿತೋ! ಮಗುವಾಗಿದ್ದಾಗ ನಾನು ಆ ಖಾಕಿಯಲ್ಲಿ ಎಣ್ಣೆಯ ವಾಸನೆ ಮೂಸುತ್ತಿದ್ದೆ. ಅದರ ಕೆಳಗೆ ಪುಣೆಗೆ ಹೋದವನ ಪಾಯಿಜಾಮ, ಬೆಂಗಳೂರಿನವನ ಶಾಲೆಯ ಚಡ್ಡಿ. ಅವುಗಳ ಮಗ್ಗುಲಿಗೆ ಬಿಳಿಯ ಮೇಲೆ ಸಣ್ಣ ನೀಲಿ ಚುಕ್ಕೆಗಳ ಒಂದು ತುಂಡು. ಇದು ಯಾರದೆಂದು ಹುಡುಗಿಯು ಕೇಳಿದಾಗ ದೊಡ್ಡವ್ವನು ನನ್ನ ಮುಖವನ್ನು ನೋಡಿದಳು. ನನಗೆ ಗುರುತು ಹತ್ತಲಿಲ್ಲ. “ನಿನ್ನ ಅಂಗಿ ಅಲ್ಲೇನೋ ತಮ್ಮಾ. ಹುಬ್ಬಳ್ಳಿಗೆ ಹೋಗೂ ಮುಂದ ಗೂಟಕ್ಕ ಬಿಟ್ಟುಹೋಗಿದ್ದಿ. ಎರಡು ವರ್ಷ ಹಂಗ ಇಟ್ಟಿದ್ದೆ, ಬಂದಾಗ ತೊಟ್ಟೀಯಂತ. ಬರೂದ್ರಾಗ ನೀ ಬೆಳದಬಿಟ್ಟಿದ್ದಿ.”

ನಾನು ಮಾತಾಡಲಿಲ್ಲ. ನಾಲ್ವತ್ತು ವರ್ಷ ಯಾರ ಯಾರದೋ ಮೈಯನ್ನು ಬೆಚ್ಚಗಿಟ್ಟ ಆ ತುಂಡಿನ ಮೇಲೆ ಕೈ ಇಟ್ಟೆ. ತೊಳೆತೊಳೆದು ಅದು ಬಹಳ ಮೆತ್ತಗಾಗಿತ್ತು.

ಸಂಜೆಯ ಹೊತ್ತಿಗೆ ಲೆಕ್ಕ ಮುಗಿಯುತ್ತ ಬಂದಿತು. ಒಟ್ಟು ೫೪ ತುಂಡುಗಳು. ಅವುಗಳಲ್ಲಿ ೫೩ ತುಂಡುಗಳು ೧೮ ಜನರವು. ಆ ಹದಿನೆಂಟರಲ್ಲಿ ತೀರಿಹೋದವರು ನಾಲ್ವರು, ಊರಲ್ಲಿ ಉಳಿದವರು ದೊಡ್ಡವ್ವನನ್ನು ಹಿಡಿದು ಐವರು, ಹೊರಗೆ ನೆಲೆಸಿದವರು ಒಂಬತ್ತು ಜನ. ಹೊರಗಿನವರಲ್ಲಿ ಐವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು, ನಾಲ್ವರು ಉದ್ಯೋಗಕ್ಕೆ ಹೋದ ಗಂಡಸರು. ಇದು ಒಂದು ಮನೆಯ ಒಂದು ಕೌದಿಯ ಲೆಕ್ಕ. ಇದರಿಂದ ಊರ ಲೆಕ್ಕ ತೆಗೆಯಬಾರದೆಂದು ಹುಡುಗಿಯು ತಾನಾಗಿಯೇ ಎಚ್ಚರಿಸಿದಳು. ಆದರೂ ಪ್ರಶ್ನಾವಳಿಯ ಹಾಳೆಯಲ್ಲಿ ‘ಮನೆಯ ಜನ: ಐದು’ ಎಂದು ಬರೆಯಿಸುತ್ತಿದ್ದ ಮನೆಯು ತನ್ನನ್ನು ಐವರ ಮನೆಯೆಂದು ತಿಳಿದಿರಲಿಲ್ಲ. ಹೋದವರೂ ಸತ್ತವರೂ ಅದರ ಹಾಸಿಗೆಯಲ್ಲಿ ಇನ್ನೂ ಇದ್ದರು.

ಐವತ್ತನಾಲ್ಕನೆಯದು ನಡುವಿನ ಹತ್ತಿರದ ಒಂದು ಹಸಿರು ಚೌಕಡಿಯ ತುಂಡು. ಅದರ ಮೇಲೆ ಬೆರಳು ಬಂದಾಗ ದೊಡ್ಡವ್ವನು ಹುಡುಗಿಯ ಕೈಯನ್ನು ಹಿಡಿದು ಮೆಲ್ಲನೆ ಸರಿಸಿ, “ಅದನ್ನ ಬರಕೋಬ್ಯಾಡವಾ” ಎಂದಳು.

ಅಭ್ಯಾಸಿಗಳಿಗೆ ಇದು ಕಠಿಣ ಸಮಯ. ಒಂದು ತುಂಡು ಬಿಟ್ಟರೆ ಪಟ್ಟಿಯು ಅಪೂರ್ಣ. ಒತ್ತಿ ಕೇಳಿದ್ದರೆ ಅವಳು ಹೇಳುತ್ತಿದ್ದಳೇನೋ. ನನ್ನನ್ನು ಕೇಳಿದ್ದರೆ ನಾನೂ ಹೇಳಬಹುದಿತ್ತು, ಯಾಕೆಂದರೆ ಅದು ಯಾರದೆಂಬದು ನನಗೆ ಗೊತ್ತು. ಹುಡುಗಿಯು ಒಂದು ಗಳಿಗೆ ಸುಮ್ಮನಿದ್ದು, ಲೇಖಣಿಯನ್ನು ಮುಚ್ಚಿ ಕೆಳಗಿಟ್ಟಳು. ಚಿತ್ರಗಾರರು ತಮ್ಮ ಹಾಳೆಯಲ್ಲಿ ಆ ಚೌಕವನ್ನು ಬಣ್ಣ ತುಂಬದೆ ಬಿಳಿಯದಾಗಿಯೇ ಬಿಟ್ಟರು. ಉಳಿದ ತುಂಡುಗಳಲ್ಲಿಯೂ ಜನರ ಹೆಸರನ್ನು ಬರೆಯದೆ ಬರಿಯ ಊರ ಹೆಸರುಗಳನ್ನು ಬರೆದರೆ ಸಾಕೆಂದು ಇಬ್ಬರೂ ಕೂಡಿ ಗೊತ್ತುಮಾಡಿದರು. ದೊಡ್ಡವ್ವನು ಇದನ್ನು ನೋಡಿದಳು. ಆ ಮೇಲೆ ಅವಳು ಒಳಗೆ ಹೋಗಿ, ಯಾರಿಗೂ ತೋರಿಸದ ಇನ್ನೆರಡು ಹಳೆಯ ಕೌದಿಗಳನ್ನು ಪೆಟ್ಟಿಗೆಯಿಂದ ತಂದು ಹುಡುಗಿಯ ಮುಂದಿಟ್ಟಳು. ಕೇಳದಿದ್ದುದರಿಂದ ದೊರೆತದ್ದು ಕೇಳಿದ್ದರೆ ದೊರೆಯುತ್ತಿರಲಿಲ್ಲ.

ಕೌದಿಯನ್ನು ಧಾರವಾಡಕ್ಕೆ ಒಯ್ದು ಪ್ರದರ್ಶನದಲ್ಲಿ ಇಡಬಹುದೇ ಎಂದು ಚಿತ್ರಗಾರರು ಕೇಳಿನೋಡಿದರು. ಬೆಲೆಯನ್ನಾದರೂ ಕೊಡುತ್ತೇವೆ, ಜೋಪಾನವಾಗಿ ಮರಳಿಸುತ್ತೇವೆ ಎಂದರು. ದೊಡ್ಡವ್ವನು, “ಗ್ವಾಡಿಗೆ ತೂಗಹಾಕಿದ್ರ ಥಂಡ್ಯಾಗ ಮಲಗಾವ್ರು ಏನ ಹೊತ್ಕೋಬೇಕ್ರೀ? ಚಿತ್ರಾ ಬರಕೊಂಡ ಹೋಗ್ರಿ. ಕೌದಿ ಮನ್ಯಾಗ ಇರ್ಲಿ” ಎಂದಳು. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ.

ಕೊನೆಯ ಬಸ್ಸಿಗೆ ಮರಳಿದೆವು. ದಾರಿಯುದ್ದಕ್ಕೂ ನಾನು ಪಟ್ಟಣವನ್ನು ಬೇರೆಯ ಕಣ್ಣಿನಿಂದ ನೋಡುತ್ತಿದ್ದೆ. ಧಾರವಾಡವೆಂಬುದಾದರೂ ಏನು? ಮದಿಹಾಳ, ಗುಲಗಂಜಿಕೊಪ್ಪ, ಸಪ್ತಾಪುರ, ಕಮಲಾಪುರ, ಹೊಸಯಲ್ಲಾಪುರ, ಹಾವೇರಿಪೇಟೆ: ಒಂದೊಂದು ಹೆಸರಿನಲ್ಲಿಯೂ ಒಂದೊಂದು ಕೊಪ್ಪವೋ, ಪುರವೋ, ಪೇಟೆಯೋ ಇನ್ನೂ ಉಸಿರಾಡುತ್ತಿದೆ. ಊರ ಹೆಮ್ಮೆಯಾದ ಫೇಡೆಯನ್ನು ಮಾಡಲು ತೊಡಗಿದ ಠಾಕೂರ ಮನೆತನವು ಉತ್ತರ ಪ್ರದೇಶದ ಉನ್ನಾವದಿಂದ ಬಂದದ್ದು. ೧೯೬೨ರಲ್ಲಿ ಹುಬ್ಬಳ್ಳಿ ಧಾರವಾಡಗಳನ್ನು ಒಂದೇ ಮಹಾನಗರಪಾಲಿಕೆಯಾಗಿ ಕೂಡಿಸಿದಾಗ ನಡುವಿನ ಹಳ್ಳಿಗಳೂ ಅದರಲ್ಲಿ ಸೇರಿಕೊಂಡವು. ಪೇರಲ ಹಣ್ಣಿಗೆ ಹೆಸರಾದ ನವಲೂರು ಹೊಲತೋಟಗಳ ಸಮೇತ ಪಟ್ಟಣವಾಯಿತು. ೨೦೧೧ರ ಜನಗಣತಿಯ ಪ್ರಕಾರ ಆ ಪಾಲಿಕೆಯೊಳಗೆ ೯ ಲಕ್ಷ ೪೩ ಸಾವಿರಕ್ಕೂ ಹೆಚ್ಚು ಜನರು. ೨೦೧೮ರಲ್ಲಿ ಓಡಲಾರಂಭಿಸಿದ ‘ಚಿಗರಿ’ ಬಸ್ಸುಗಳು ಈ ಎರಡು ಊರುಗಳ ನಡುವೆ ಎಡಬಿಡದೆ ಹೋಗಿಬರುವದನ್ನು ಕಂಡರೆ ಯಾರೋ ಕುಳಿತು ಓಟದ ಹೊಲಿಗೆ ಹಾಕುತ್ತಿರುವಂತೆಯೇ ತೋರುತ್ತದೆ. ಪಟ್ಟಣವೂ ಒಂದು ಕೌದಿಯೇ. ವ್ಯತ್ಯಾಸವಿಷ್ಟೆ: ಯಾವ ತುಂಡು ಯಾರ ಮೈಮೇಲಿನದೆಂಬದನ್ನು ಕೌದಿ ಹೊಲಿದವಳು ಮರೆಯುವದಿಲ್ಲ. ಪಟ್ಟಣವು ಮರೆಯುತ್ತದೆ, ನಮಗೂ ಮರೆಯಿಸುತ್ತದೆ. ಹುಬ್ಬಳ್ಳಿಯ ನಿಲ್ದಾಣದಲ್ಲಿ ೨೦೨೩ರಲ್ಲಿ ತೆರೆದ, ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾದ ೧೫೦೭ ಮೀಟರಿನ ಪ್ಲಾಟಫಾರ್ಮಿನ ಮೇಲೆ ನಿಂತು ದಿನಾಲು ಎಷ್ಟು ಜನ ತಾಯಂದಿರು ಮಕ್ಕಳನ್ನು ಬೀಳ್ಕೊಡುತ್ತಾರೆ! ಅಷ್ಟು ಉದ್ದದ ಕಟ್ಟೆಯಿದ್ದರೂ ರೈಲು ಅದನ್ನು ದಾಟಿ ಹೋಗಿಯೇ ಹೋಗುತ್ತದೆ.

ಚಿತ್ರಗಾರರ ಹಾಳೆಯು ಈಗ ಚೌಕಟ್ಟಿನಲ್ಲಿದೆ. ದೂರದಿಂದ ನೋಡಿದರೆ ಬಣ್ಣದ ಚಿತ್ರ, ಹತ್ತಿರ ಹೋದರೆ ಒಂದು ಮನೆಯ ನಕಾಶೆ. ಹುಡುಗಿಯ ಪ್ರಬಂಧದಲ್ಲಿ ಅದಕ್ಕೆ ಒಂದು ಪುಟ ದೊರೆತಿದೆ. ಬಿಳಿಯ ಚೌಕವು ಬಿಳಿಯದಾಗಿಯೇ ಉಳಿದಿದೆ. ಅದೇನೆಂದು ಕೇಳಿದವರಿಗೆ ‘ಅದು ಆ ಮನೆಯವರದು’ ಎಂದಷ್ಟೇ ಅವಳು ಉತ್ತರ ಕೊಡುತ್ತಾಳೆ.

ವಾಚಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಮಾಳಿಗೆಯಲ್ಲಿಯೋ, ಪೆಟ್ಟಿಗೆಯ ತಳದಲ್ಲಿಯೋ ಹಳೆಯ ಕೌದಿಯೊಂದು ಇದ್ದೀತು. ಅದನ್ನು ನೆಲ ಒರೆಸಲು ಹರಿಯ ಬೇಡಿರಿ. ಹಿರಿಯರು ಇನ್ನೂ ಇರುವಾಗಲೇ ಅದನ್ನು ಅವರ ಮುಂದೆ ಹಾಸಿ, ಮಕ್ಕಳನ್ನು ಸುತ್ತಲೂ ಕೂಡಿಸಿ, ಒಂದೊಂದು ತುಂಡನ್ನು ಕೇಳಿರಿ. ಹೇಳಿದ್ದನ್ನು ಬರೆದಿಡಿರಿ. ಹೇಳಲೊಲ್ಲದ್ದನ್ನು ಕೇಳಬೇಡಿರಿ. ಇದಕ್ಕೆ ವಿಶ್ವವಿದ್ಯಾಲಯದ ಪದವಿ ಬೇಕಾಗಿಲ್ಲ. ಒಂದು ಮಧ್ಯಾಹ್ನದ ಪುರಸತ್ತು ಸಾಕು.

ಅಂದು ಬಸ್ಸು ಹತ್ತುವಾಗ ದೊಡ್ಡವ್ವನು ಉಂಡಿಯ ಗಂಟನ್ನು ಕೈಗೆ ಕೊಟ್ಟು ಹೇಳಿದ ಮಾತಿನಿಂದ ಈ ಲೇಖನವನ್ನು ಮುಗಿಸುತ್ತೇನೆ. “ಹೊಸಾ ಕೌದಿ ಹಚ್ಚೇನಿ, ತಮ್ಮಾ. ನಿನ್ನದು ಇನ್ನೂ ಹತ್ತು ವರ್ಷದ ಹುಡುಗನ ಅಂಗೀನ ಐತಿ. ಮುಂದಿನ ಸಲ ಬರೂ ಮುಂದ ಒಂದ ಹಳೇ ಅಂಗಿ ತೊಗೊಂಬಾ. ಹೊಸಾದು ಬ್ಯಾಡ, ನೀ ತೊಟ್ಟು ಹಳೇದಾಗಿದ್ದು ಇರಬೇಕು.”

ದಸರೆಯ ಬನ್ನಿ ಕೊಡಲು ಹೋದಾಗ ನಾನು ಅಂಗಿಯನ್ನು ಒಯ್ದು ಕೊಟ್ಟುಬಂದೆನು.